ಕಾಕಾನ ಉಪವಾಸ, ಅಣ್ಣನ ಚೈನ್ ಗಾಡಿ

ಕಾಕಾ ತೀರಿಕೊಂಡರು ಎಂದು ನವನಗರದಿಂದ ಫೋನು ಬಂದಾಗ ನಾನು ಊರಲ್ಲಿ ಅಣ್ಣನ ಮನೆಯಲ್ಲಿದ್ದೆ. ಮೊದಲು ಅಣ್ಣನಿಗೆ ಹೇಳಲಿಲ್ಲ, ಅಡುಗೆಮನೆಗೆ ಹೋಗಿ ಅವನ ಹೆಂಡತಿ, ನಮ್ಮ ವೈನಿಗೆ ಹೇಳಿದೆ. ಅಣ್ಣ ಹೊಲಕ್ಕೆ ಹೋಗಿದ್ದ ಎಂಬುದು ಒಂದು ಕಾರಣ. ಕಾಕಾನನ್ನು ಅಣ್ಣನಿಗಿಂತ, ನನಗಿಂತ, ವೈನಿಯೇ ಸರಿಯಾಗಿ ಅರ್ಥಮಾಡಿಕೊಂಡವರು ಎಂಬುದು ಇನ್ನೊಂದು. ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಲೆ ಆರಿಸಿದರು. ಆಮೇಲೆ, “ಯಾವ ಬಸ್ಸಿಗೆ ಹೋಗೂದು?” ಎಂದು ಕೇಳಿದರು.

ಕಾಕಾ ನಮಗೆ ಬಳಗದವರೇನಲ್ಲ. ಹುಬ್ಬಳ್ಳಿ ಧಾರವಾಡದ ನಡುವಿನ ನವನಗರದಲ್ಲಿ ನನ್ನ ಎದುರು ಮನೆಯವರು. ಧಾರವಾಡದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾಗಿ, ತೊಂಬತ್ತರ ದಶಕದ ಕೊನೆಗೆ ಅಲ್ಲಿ ಬಂದು ನೆಲೆಸಿದ್ದರು. ಕಡಕ್ ಇಸ್ತ್ರಿಯ ಧೋತರ, ಬಿಳಿ ಅಂಗಿ, ಸುಡು ಬೇಸಿಗೆಯಲ್ಲೂ ಬಗಲಲ್ಲಿ ಛತ್ರಿ. ಇಡೀ ಓಣಿಗೆ ಅವರು ಕಾಕಾ, ಅವರ ಹೆಂಡತಿ ಕಾಕೂ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, “ನನ್ನ ಹೆಸರು ಬರದದ್ದರಿಂದ ಓದುವವಗೇನು ಲಾಭ ಆತು, ಹೇಳು ನೋಡೋಣ” ಎಂದು ನನ್ನನ್ನು ಮೂಲೆಗೆ ಒತ್ತಿ ನಿಲ್ಲಿಸುತ್ತಿದ್ದರು.

ವಾದ ಅವರಿಗೆ ಊಟಕ್ಕಿಂತ ಹೆಚ್ಚು. ಹಾಲಿನವನು ಒಮ್ಮೆ, “ಮಾಡ ಆಗೇತ್ರಿ ಕಾಕಾ, ಇವತ್ತ ಮಳಿ ಗ್ಯಾರಂಟಿ” ಎಂದ. ಅಷ್ಟೇ ಸಾಕಾಯಿತು. “ನಿನ್ನೆನೂ ಆಗಿತ್ತು, ಬಂತೇನು? ಮೊನ್ನೆ ಮೋಡ ಇರಲಿಲ್ಲ, ಬಂತಿಲ್ಲೋ? ಮತ್ತ ಯಾವ ಆಧಾರದ ಮ್ಯಾಲೆ ಗ್ಯಾರಂಟಿ ಕೊಡ್ಲಿಕ್ಕತ್ತಿ?” ಹಾಲಿನವನು ಕ್ಯಾನು ಹಿಡಿದು ನಿಂತೇ ಇದ್ದ, ಪಾಠ ಮುಗಿಯಲಿಲ್ಲ. ಕೊನೆಗೆ ಕಾಕೂ ಹೊರಗೆ ಬಂದು, “ಅವನ್ನ ಬಿಡ್ರಿ, ಮಂದಿ ಮನ್ಯಾಗ ಕೂಸುಗಳು ಅಳಲಿಕ್ಕತ್ತಾವ” ಎಂದು ಗದರಿ ಬಿಡಿಸಿದರು. ಆ ಮಧ್ಯಾಹ್ನ ಮಳೆ ಬಂತು. ಮರುದಿನ ಹಾಲಿನವನು ನಗುತ್ತ ಬಂದರೆ ಕಾಕಾ, “ಬಂತು, ಖರೇ. ಆದ್ರ ನೀ ಹೇಳಿದಿ ಅಂತ ಬರಲಿಲ್ಲ” ಎಂದರು.

ಇಂಥ ಮನುಷ್ಯನನ್ನು ಜನ ಹುಡುಕಿಕೊಂಡು ಬರುತ್ತಿದ್ದುದು ಮಾತ್ರ ತರ್ಕಕ್ಕಲ್ಲ. ಹಳೆಯ ಟ್ರ್ಯಾಕ್ಟರು, ಹಳೆಯ ರಾಶಿ ಮಷಿನ್ನು, ಹಳೆಯ ಲೋಡರು ಯಾರು ಕೊಳ್ಳುವುದಿದ್ದರೂ ನೋಡಲು ಕಾಕಾನನ್ನು ಕರೆದೊಯ್ಯುತ್ತಿದ್ದರು. ಆ ವಿದ್ಯೆ ಅವರಿಗೆ ಬಂದದ್ದು ಮೋಸಹೋಗಿ. ಅದನ್ನು ಅವರೇ ಬಡಾಯಿ ಕೊಚ್ಚುವ ಧಾಟಿಯಲ್ಲಿ ಹೇಳುತ್ತಿದ್ದರು.

ತೊಂಬತ್ತರ ಆಸುಪಾಸು. ಕಾಕಾ ಇನ್ನೂ ನೌಕರಿಯಲ್ಲಿದ್ದರು. ತಮ್ಮ ಪಾಲಿನ ಹೊಲ ಸಮ ಮಾಡಿಸಬೇಕೆಂಬ ಉಮೇದು ಹತ್ತಿ, ಹಳೆಯ ಚೈನ್ ಗಾಡಿಯೊಂದನ್ನು ನೋಡಲು ಹೋದರು. ರಬ್ಬರ್ ಗಾಲಿಯ ಬದಲು ಕಬ್ಬಿಣದ ಚೈನಿನ ಮೇಲೆ ಓಡುವ, ಮುಂದೆ ಮಣ್ಣು ಎತ್ತುವ ಬಕೆಟ್ ಇರುವ ಲೋಡರಿಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಮಾರುವವನು ದೊಡ್ಡ ಮನೆತನದವ. ಕಾಲಿಗೆ ನೀರು ಕೊಟ್ಟ, ಗಾದಿ ಹಾಸಿ ಕೂಡ್ರಿಸಿದ, ಬಾಳೆ ಎಲೆಯಲ್ಲಿ ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಹಿತ್ತಲಿಗೆ ಹೋದರೆ ಗಾಡಿ ನಿಂತಿತ್ತು. “ಇಷ್ಟೆಲ್ಲ ಉಂಡು, ‘ಇದನ್ನ ಸ್ವಲ್ಪ ಚಾಲೂ ಮಾಡ್ರಿ’ ಅಂತ ಹೆಂಗ ಕೇಳೂದು? ನಾಚಿಕಿ ಬಂತು. ‘ಭಾಳ ಛಲೋ ಅದ’ ಅಂದು ಬಂದುಬಿಟ್ಟೆ.” ಲಾರಿಯಿಂದ ಹೊಲಕ್ಕೆ ಇಳಿದ ಗಾಡಿ ಮೊದಲ ತಿರುವಿಗೇ ಚೈನು ಕಳಚಿಕೊಂಡು ಕೂತಿತು. ಆ ವರ್ಷವಿಡೀ ಅದು ಬದುವಿನ ಮೇಲೆ ನಿಂತಿತ್ತು, ಬಕೆಟ್ಟಿನಲ್ಲಿ ಯಾರದೋ ಕೋಳಿ ಕಾವಿಗೆ ಕೂತಿತ್ತು. ಕತೆಯನ್ನು ಎಷ್ಟು ಸಲ ಹೇಳಿದರೂ ಕಾಕಾ ಮುಗಿಸುತ್ತಿದ್ದುದು ಒಂದೇ ಮಾತಿನಿಂದ: “ಹೋಳಿಗಿ ಮಾತ್ರ, ಸುಳ್ಳ್ಯಾಕ ಹೇಳ್ಲಿ, ಮೆತ್ತಗಿದ್ವು.”

ಅಂದಿನಿಂದ ಒಂದು ನೇಮ ಹಿಡಿದರು. ಗಾಡಿ ನೋಡಿ, ಬಾಯಿಬಿಟ್ಟು ಮಾತಾಡಿ ಮುಗಿಯುವವರೆಗೆ ಮಾರುವವನ ಮನೆಯಲ್ಲಿ ಹನಿ ನೀರೂ ಮುಟ್ಟುವುದಿಲ್ಲ. ನಮ್ಮ ಸೀಮೆಯಲ್ಲಿ ಇದು ಸುಲಭದ ಮಾತಲ್ಲ. ಇಲ್ಲಿ ದಾರಿ ಕೇಳಿದವನಿಗೂ ಚಹಾ ಕುಡಿಸುತ್ತಾರೆ. ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅದಕ್ಕೇ ಕಾಕಾ ಉಪವಾಸಗಳನ್ನು ಹುಟ್ಟಿಸಿಕೊಂಡರು. ಸೋಮವಾರ ಈಶ್ವರನದು, ಮಂಗಳವಾರ ದೇವಿಯದು, ಗುರುವಾರ ಗುರುಗಳದು, ಶನಿವಾರ ಹನುಮಪ್ಪನದು. ಲಕಮನಹಳ್ಳಿಯ ಶೆಡ್ಡೊಂದರಲ್ಲಿ ಮಿರ್ಚಿಭಜಿ ತರಿಸಿಟ್ಟ ಮಾಲೀಕ ಚಾಲಾಕಿನವನಿದ್ದ. “ಬುಧವಾರ ಯಾವ ದೇವರದ್ರಿ?” ಎಂದ. ಕಾಕಾ ತಡವರಿಸಲಿಲ್ಲ. “ಬುಧವಾರ ಡಾಕ್ಟರದು” ಎಂದರು.

ಗಾಡಿಯ ಹತ್ತಿರ ಹೋದರೆ ಕಾಕಾ ಎಂಜಿನ್ನಿನ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಧೋತರ ಎತ್ತಿ ಕಟ್ಟಿ ಚೈನಿನ ಪಕ್ಕ ಕುಕ್ಕರಗಾಲಲ್ಲಿ ಕೂಡ್ರುತ್ತಿದ್ದರು. “ಎಂಜಿನ್ ಹುಬ್ಬಳ್ಳಿಯ ಯಾವ ಗಲ್ಲ್ಯಾಗ ಬೇಕಾದ್ರೂ ರಿಪೇರಿ ಆಗ್ತದ ತಮ್ಮಾ. ಕೆಳಗಿಂದು ಸವದಿತ್ತಂದ್ರ ಮುಗೀತು, ಅರ್ಧಾ ಗಾಡಿನ ಹೊಸಾದು ತೊಗೊಂಡಂಗ.” ಚೈನನ್ನು ಎಳೆಯುವ ಹಲ್ಲಿನ ಚಕ್ರಕ್ಕೆ ಬೆರಳು ಹಚ್ಚಿ ನೋಡುವರು. ಹಲ್ಲು ಮೊನಚಾಗಿದ್ದರೆ ಸವೆದಿದೆ ಎಂದರ್ಥ. ರೋಲರಿನ ಬುಡದಲ್ಲಿ ಎಣ್ಣೆ ಜಿನುಗಿದೆಯೋ, ಬಕೆಟ್ಟಿನ ಪಿನ್ನು ಅಲುಗಾಡುತ್ತದೆಯೋ ನೋಡುವರು. ಹೊಸ ಬಣ್ಣ ಕಂಡರಂತೂ ಮುಗಿಯಿತು, “ಯಾವ ಗಾಯಕ್ಕ ಹಚ್ಚಿದ ಮುಲಾಮಿದು?” ಎಂದು ಮಾಲೀಕನನ್ನೇ ಕೇಳುವರು. ಎಡಕ್ಕೂ ಬಲಕ್ಕೂ ತಿರುಗಿಸದ ಹೊರತು, ಏರಿನಲ್ಲಿ ಹಿಂದಕ್ಕೆ ಓಡಿಸದ ಹೊರತು ಬಿಡುತ್ತಿರಲಿಲ್ಲ.

ಮತ್ತು ಬೈಯುತ್ತಿದ್ದರು. ಕೆಟ್ಟ ಗಾಡಿಗೆ ಬೈಯುವುದು ಸರಿ, ಒಳ್ಳೆಯ ಗಾಡಿಗೂ ಅಷ್ಟೇ ಧಾರಾಳವಾಗಿ ಬೈಯುತ್ತಿದ್ದರು. ಕಾಕಾ ಬೈಯದ ಗಾಡಿಯನ್ನು ನಾನು ಕಂಡಿರಲಿಲ್ಲ. ನನ್ನ ಪಾಲಿಗೆ ಅದೊಂದು ಪುಕ್ಕಟೆ ನಾಟಕ. ರಜೆಯ ದಿನ ಅವರು ಹೊರಟರೆ ನಾನೂ ಹಿಂದಿಂದೆ ಹೊರಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿರಬೇಕು, ಆಗ ನಮ್ಮ ಮನೆಯ ಸರದಿ ಬಂತು.

ನಮ್ಮ ಹೊಲ ನವಲಗುಂದದ ಕಡೆ, ಹಳ್ಳದ ದಂಡೆಗೆ. ಅಪ್ಪಟ ಕಪ್ಪು ಎರೆ ಮಣ್ಣು. ಪ್ರತಿ ಮಳೆಗಾಲ ಹಳ್ಳ ಒಡ್ಡು ಒಡೆದು ಒಳಗೆ ನುಗ್ಗುತ್ತಿತ್ತು. ಬಿತ್ತಿದ ಹೆಸರು ಹೋದರೆ ಹೋಗಲಿ, ಮೇಲಿನ ಮಣ್ಣನ್ನೇ ಬಳಿದುಕೊಂಡು ಹೋಗುತ್ತಿತ್ತು. ಹೊಲದ ನಡುವೆ ಆಳೆತ್ತರದ ಕೊರಕಲು ಬಿದ್ದು, ವರ್ಷ ವರ್ಷ ಅದು ಮನೆಯ ಕಡೆ ಬೆಳೆಯುತ್ತ ಬರುತ್ತಿತ್ತು. ಒಡ್ಡು ಹಾಕಿಸಲು ಅಣ್ಣ ಬಾಡಿಗೆ ಗಾಡಿಗಾಗಿ ಕಾದು ಕಾದು ಸೋತಿದ್ದ. ಬೇಸಿಗೆಯಲ್ಲಿ ಎಲ್ಲ ಗಾಡಿಗಳೂ ರಸ್ತೆ ಕೆಲಸಕ್ಕೆ ಹೋಗುತ್ತಿದ್ದವು, ಬಿಡುವಾಗಿ ಬರುವ ಹೊತ್ತಿಗೆ ಮಳೆ ಹಿಡಿದು ಗಾಲಿಯ ಗಾಡಿ ಎರೆಯಲ್ಲಿ ಹೂತು ನಿಲ್ಲುತ್ತಿತ್ತು. ಕೊನೆಗೆ, ಹಳೆಯದಾದರೂ ಸರಿ, ನಮ್ಮದೇ ಒಂದು ಚೈನ್ ಗಾಡಿ ಕೊಳ್ಳುವುದೆಂದು ಅಣ್ಣ ನಿರ್ಧರಿಸಿದ. ಇದ್ದುದನ್ನೆಲ್ಲ ಬಳಿದು ಒಟ್ಟು ಮಾಡಿದ್ದ. ಈ ಗಾಡಿ ಕೈಕೊಟ್ಟರೆ ಇನ್ನೊಂದು ಕೊಳ್ಳುವ ತಾಕತ್ತು ನಮಗಿರಲಿಲ್ಲ, ಇನ್ನೊಂದು ಮಳೆಗಾಲ ತಡೆಯುವ ತಾಕತ್ತು ಹೊಲಕ್ಕಿರಲಿಲ್ಲ.

ಕಾಕಾ ನಮ್ಮ ಜೊತೆ ಊರೂರು ಅಲೆದರು. ಒಂದನ್ನು ಬಣ್ಣಕ್ಕೆ, ಒಂದನ್ನು ರೋಲರಿಗೆ, ಇನ್ನೊಂದನ್ನು ಮಾಲೀಕ ಅತಿಯಾಗಿ ನಗುತ್ತಾನೆಂಬ ಕಾರಣಕ್ಕೆ ಬೇಡವೆಂದರು. ರೋಹಿಣಿ ಮಳೆ ಕೂಡಲು ಬಂದಿತ್ತು, ಅದರ ಬೆನ್ನಿಗೇ ಮಿರಗ, ಅಂದರೆ ಮೃಗಶಿರಾ ಮಳೆ. ಅಣ್ಣನಿಗೆ ನಿದ್ದೆ ಇಲ್ಲ. “ಮಿರಗ ಕೂಡೂದ್ರಾಗ ಒಡ್ಡ ಆಗಲಿಲ್ಲಂದ್ರ ಹೊಲಾ ಬಿಟ್ಟಂಗ” ಎಂದು ಕೂತಲ್ಲಿ ನಿಂತಲ್ಲಿ ಅದನ್ನೇ ಹೇಳುತ್ತಿದ್ದ.

ಅಷ್ಟರಲ್ಲಿ ಧಾರವಾಡದಿಂದ ಆಚೆ ಒಂದು ಹಳ್ಳಿಯಲ್ಲಿ ಗಾಡಿ ಇದೆ ಎಂದು ಸುದ್ದಿ ಬಂತು. ಕಾಲುವೆ ಕೆಲಸ ಹಿಡಿಯುತ್ತಿದ್ದ ಗುತ್ತಿಗೆದಾರನೊಬ್ಬ ತೀರಿಕೊಂಡಿದ್ದ. ಅವನ ಹೆಂಡತಿ ಮಾರುತ್ತಿದ್ದಳು. ಗಂಡಸರಿಲ್ಲದ ಮನೆಗೆ ನಾವು ಗಂಡಸರಷ್ಟೇ ಹೋಗುವುದು ಚೆಂದವಲ್ಲ ಎಂದು ವೈನಿಯನ್ನೂ ಕರೆದುಕೊಂಡೆವು.

ಆಕೆ ನಮ್ಮ ವೈನಿಯ ವಾರಿಗೆಯವಳು. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದಳು. ನಾವು ಕೂಡ್ರುವ ಮೊದಲೇ ತಾಟಿನಲ್ಲಿ ಮಂಡಕ್ಕಿಯ ಸೂಸಲಾ, ಕಪ್ಪುಗಳಲ್ಲಿ ಚಹಾ ತಂದಿಟ್ಟಳು. ಕಾಕಾ ಕೈ ಮುಗಿದು ಎಂದಿನಂತೆ ಬಾಯಿ ತೆರೆಯುವಷ್ಟರಲ್ಲಿ ಆಕೆ, “ಕುಡೀರಿ ಹಿರ್ಯಾರ. ಅವರು ಹೋದಾಗಿಂದ ಗಾಡಿ ನೋಡಾಕ ಬಂದವರೆಲ್ಲಾ ಅಂಗಳದಾಗ ನಿಂತು ಹಂಗ ಹೋಗ್ಯಾರ್ರಿ. ಸತ್ತವರ ಮನಿ ಅಂತ ಒಳಗ ಬಂದಿಲ್ಲ, ಒಂದ್ ಕಪ್ ಚಹಾ ಕುಡದಿಲ್ಲ” ಎಂದಳು. ಅಳುತ್ತ ಹೇಳಲಿಲ್ಲ. ಕಪ್ಪು ಕಾಕಾನ ಮುಂದೆ ಸರಿಸಿದಳು.

ಕಾಕಾ ಕಪ್ಪನ್ನು ನೋಡಿದರು. ನಮ್ಮ ಕಡೆ ತಿರುಗಿ, “ಇವತ್ತ ಯಾವ ವಾರ?” ಎಂದರು.

ಅಣ್ಣ ಅವರಿಗೆ ದಾರಿ ಮಾಡಿಕೊಡುವ ಧಾವಂತದಲ್ಲಿ, “ಗುರುವಾರರಿ ಕಾಕಾ, ನಿಮ್ಮ ಗುರುವಾರ” ಎಂದ.

“ಗುರುವಾರ ನಂದೇನೂ ಇಲ್ಲ” ಎಂದು ಕಾಕಾ ಕಂಬಳಿಯ ಮೇಲೆ ಕೂತು ಕಪ್ಪು ಎತ್ತಿಕೊಂಡರು. ಸೂಸಲಾನೂ ತಿಂದರು, ಇನ್ನಷ್ಟು ಹಾಕಿಸಿಕೊಂಡು ತಿಂದರು. ಗಂಡನ ಬಗ್ಗೆ, ಅವನ ಕಾಲುವೆ ಕೆಲಸದ ಬಗ್ಗೆ ಕೇಳಿದರು. ಬಹಳ ದಿನಗಳಿಂದ ಯಾರೂ ಅವನ ಮಾತು ಎತ್ತಿರಲಿಲ್ಲವೆಂದು ಕಾಣುತ್ತದೆ. ಆಕೆ ಹೇಳುತ್ತಲೇ ಹೋದಳು.

ಆಮೇಲೆ ಬೇವಿನ ಗಿಡದ ಕೆಳಗೆ ನಿಂತ ಗಾಡಿಯ ಹತ್ತಿರ ಹೋದೆವು. ಹೊಸ ಬಣ್ಣ ಇರಲಿಲ್ಲ, ತೊಳೆದು ಚೊಕ್ಕ ಮಾಡಿ ಇಟ್ಟಿದ್ದಳು. ಕಾಕಾ ಧೋತರ ಎತ್ತಿ ಕಟ್ಟಿದರು. ಚೈನಿನ ಬದಿಗೆ ಕೂತರು. ಹಲ್ಲಿನ ಚಕ್ರದ ಮೇಲೆ ಬೆರಳು ಹರಿಸಿದರು, ಆಚೆ ಬದಿಗೆ ಹೋಗಿ ಅಲ್ಲೂ ಹರಿಸಿದರು. ನಾನು ಬೈಗುಳಕ್ಕಾಗಿ ಕಾದೆ. ಕಾಕಾ ಬಾಯಿ ತೆರೆದರು, ಮುಚ್ಚಿದರು. ಕಣ್ಣಿಗಿದ್ದ ಚಾಳೀಸು ತೆಗೆದು ಅದರ ಗಾಜನ್ನು ಧೋತರದ ಚುಂಗಿನಿಂದ ಒರೆಸಿದರು. ಮತ್ತೆ ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಆಕೆಯನ್ನು ಒಮ್ಮೆ ನೋಡಿ, “ಬರ್ತೀವಿ ತಂಗಿ” ಎಂದವರೇ ನಾವು ಬಂದಿದ್ದ ಟೆಂಪೋ ಹತ್ತಿ ಕೂತರು. ನವನಗರ ಬರುವವರೆಗೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಮನೆ ಮುಂದೆ ಇಳಿದು, ಛತ್ರಿ ಬಗಲಲ್ಲಿಟ್ಟುಕೊಂಡು ಒಳಗೆ ಹೋಗಿಬಿಟ್ಟರು.

ಅಣ್ಣನಿಗೆ ಹಬ್ಬವಾಯಿತು. “ಕಾಕಾಗ ಒಂದ ಮಾತ ಬೈಯಾಕ ಸಿಗಲಿಲ್ಲ ಅಂದ್ರ ಎಂಥಾ ಗಾಡಿ ಇರಬೇಕು! ನಾಳೆನ ಇಸಾರ ಕೊಟ್ಟುಬಿಡ್ತೇನಿ” ಎಂದು ಮುಂಗಡದ ಹಣ ತೆಗೆದಿಟ್ಟುಕೊಂಡ.

ವೈನಿ ನಮ್ಮ ಮುಂದೆ ಇಂಥ ವಿಷಯದಲ್ಲಿ ಬಾಯಿ ಹಾಕುವವರಲ್ಲ. ಅಂದು ರಾತ್ರಿ ನನ್ನ ಮನೆಯಲ್ಲಿ ಊಟದ ತಟ್ಟೆ ಎತ್ತುತ್ತ, “ಛಲೋ ಗಾಡಿಗೂ ಬೈಯೋವ್ರು ಅವರು. ಇವತ್ತ ಸುಮ್ನ ಆದ್ರು ಅಂದ್ರ ಬಾಯಿಗೆ ಬಂದಿದ್ದನ್ನ ನುಂಗ್ಯಾರ. ಒಂದಿನ ತಡೀರಿ” ಎಂದರು.

“ತಡದ್ರ ಹಳ್ಳ ತಡೀತೈತೇನು?” ಎಂದು ಅಣ್ಣ ರೇಗಿದ. ವೈನಿ ತಟ್ಟೆಗಳನ್ನು ಒಳಗೆ ಒಯ್ದರು. ನನಗೆ ಇಬ್ಬರ ಮಾತೂ ಸರಿ ಎನಿಸಿತು.

ಮುಂಜಾನೆ ಕಾಕಾನನ್ನು ಕರೆಯಲು ಹೋದರೆ ಕಾಕೂ ಒಬ್ಬರೇ ಇದ್ದರು. “ಇನ್ನೂ ಬೆಳಕು ಹರದಿದ್ದಿಲ್ಲ, ಮೊದಲ್ನೇ ಬಸ್ಸಿಗೆ ಎದ್ದು ಹೋದ್ರು. ಎಲ್ಲಿಗೆ ಅಂದ್ರ ಹೇಳಲಿಲ್ಲ” ಎಂದರು. ಅಣ್ಣ ಕಾಯುವ ಸ್ಥಿತಿಯಲ್ಲಿರಲಿಲ್ಲ. ಅವನೂ ನಾನೂ ಹೊರಟೆವು.

ಆಕೆ ಬಾಗಿಲಲ್ಲೇ ಸಿಕ್ಕಳು. ಕಣ್ಣು ಕೆಂಪಾಗಿದ್ದವು. ಅಣ್ಣ ಇಸಾರದ ಹಣ ಮುಂದೆ ಹಿಡಿದರೆ ಆಕೆ ಕೈ ಹಿಂದೆ ಸರಿಸಿದಳು.

“ಬ್ಯಾಡ್ರಿ ಅಣ್ಣಾರ. ಈ ಗಾಡಿ ನಿಮ್ಮ ಎರಿ ಹೊಲಕ್ಕ ಆಗೂದಿಲ್ಲ. ಹಿರ್ಯಾರು ಈಗ ಬಂದು ಹೋದ್ರು. ನನ್ನ ಗಾಡಿ ಹಂತ್ಯಾಕ ಕರಕೊಂಡ ಹೋಗಿ, ಹಲ್ಲು ಎಷ್ಟ ಸವದಾವ, ಚೈನು ಎಷ್ಟ ಸಡಲಾಗೇತಿ ಎಲ್ಲಾ ಕೈಲೆ ಮುಟ್ಟಿಸಿ ತೋರಿಸಿದ್ರು. ಹಸಿ ಎರಿಯೊಳಗ ಹೊಳ್ಳಿಸಿದ್ರ ಚೈನು ಕಳಚತೈತಂತ. ನಮ್ಮವರು ಇದ್ದಾಗ ಇದನ್ನೆಲ್ಲಾ ನಂಗ ಯಾರು ಹೇಳಾವ್ರು? ಗೊತ್ತಿದ್ದಿಲ್ರಿ. ಈಗ ಗೊತ್ತಾತು, ಈಗ ಹೆಂಗ ಇಸ್ಕೊಳ್ಳಿ?”

ಅಣ್ಣ ಹಣ ಹಿಡಿದುಕೊಂಡೇ ನಿಂತಿದ್ದ. ಆಕೆ ತಾನೇ ಮುಂದುವರಿಸಿದಳು. ಇಟ್ಟಂಗಿ ಭಟ್ಟಿಯವರು ಆ ಗಾಡಿ ಕೇಳಿದ್ದರು. ಅಲ್ಲಿ ನೆಲ ಗಟ್ಟಿ, ತಿರುಗಾಟ ಕಡಿಮೆ, ಅಲ್ಲಿಗೆ ಅದು ನಡೆಯುತ್ತದೆ ಎಂದು ಕಾಕಾ ಹೇಳಿದ್ದರಂತೆ. ಅವರಿಗೂ ಹಲ್ಲು, ಚೈನು ತೋರಿಸಿಯೇ ಕೊಡುತ್ತೇನೆ ಎಂದಳು. ಮತ್ತೆ, “ನಮ್ಮವರ ಪಾಲುದಾರರದು ಇನ್ನೊಂದ ಗಾಡಿ ಐತ್ರಿ. ಹೋದ ವರ್ಷ ನಮ್ಮವರ ನಿಂತು ಅದಕ್ಕ ಚೈನು, ಹಲ್ಲು ಎಲ್ಲಾ ಹೊಸಾದ ಹಾಕ್ಸಿದ್ರು. ಕೆಲಸ ಇಲ್ದ ನಿಂತೈತಿ, ಕೊಟ್ರೂ ಕೊಟ್ಟಾರು. ನಾ ಕಳಿಸೇನಿ ಅಂತ ಹೇಳ್ರಿ” ಎಂದು ಊರು, ಮನೆಯ ಗುರುತು ಹೇಳಿದಳು.

ಸಂಜೆ ಅಣ್ಣ ಕಾಕಾನ ಮನೆ ಜಗಲಿಯ ಮೇಲೆ ಕೂತು ಜಗಳ ತೆಗೆದ. “ನಿನ್ನೆನ ನನಗ ಒಂದ ಮಾತ ಹೇಳಾಕ ಏನಾಗಿತ್ರಿ ಕಾಕಾ? ಟೆಂಪೋದಾಗ ಹೇಳಬೇಕಿತ್ತು.”

“ಆಕಿ ಮನಿ ಚಹಾ ಹೊಟ್ಟ್ಯಾಗ ಇಟಗೊಂಡು ಆಕಿ ಬೆನ್ನ ಹಿಂದ ಮಾತಾಡ್ಲಿಕ್ಕೆ ನನಗ ಆಗಲಿಲ್ಲ” ಎಂದರು ಕಾಕಾ. “ಮತ್ತ ನಿನ್ನ ಕಿವ್ಯಾಗ ಅಷ್ಟ ಹೇಳಿದ್ರ ಏನಾಗ್ತಿತ್ತು? ನೀ ಒಬ್ಬವ ಉಳಕೋತಿದ್ದಿ. ಆ ತಂಗಿ ಇನ್ನೊಬ್ಬಂಗ ಮಾರತಿದ್ಲು. ಅವ ಆಮ್ಯಾಲೆ ಬಂದು ಬಾಗಲದಾಗ ನಿಂತು ಬೈತಿದ್ದ. ಯಾಕ ಬೈಸಿಕೊಳ್ಳಿಕತ್ತೀನಿ ಅಂತನೂ ಆಕಿಗೆ ತಿಳೀತಿದ್ದಿಲ್ಲ. ಆಕಿ ಮುಂದನ ಹೇಳಬೇಕಿತ್ತು, ಆದ್ರ ನಾಲಿಗಿ ಏಳಲಿಲ್ಲ. ಇಡೀ ರಾತ್ರಿ ಬೇಕಾತು ನನಗ.”

ನನಗೆ ಕಾಕಾನ ಬಗ್ಗೆ ಅಂದು ಬಂದಷ್ಟು ಪ್ರೀತಿ ಮೊದಲೆಂದೂ ಬಂದಿರಲಿಲ್ಲ. ಅಷ್ಟು ದಿನ ನಾನು ಅವರನ್ನು ನಗಲಿಕ್ಕೆ ಸಿಗುವ ಮನುಷ್ಯ ಎಂದಷ್ಟೇ ಇಟ್ಟುಕೊಂಡಿದ್ದೆ.

ಪಾಲುದಾರನ ಗಾಡಿ ನೋಡಲು ಹೋದ ದಿನ ಕಾಕಾನಿಗೆ ಮತ್ತೆ ಯಾವುದೋ ದೇವರ ಉಪವಾಸವಿತ್ತು. ನೀರು ಬಿಟ್ಟು ಹಸಿ ಮಾಡಿದ ಎರೆಯಲ್ಲಿ ಗಾಡಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ತಿರುಗಿಸಿ ಡ್ರೈವರನ ತಲೆ ಕೆಡಿಸಿದರು. ಬಕೆಟ್ಟಿಗೆ ಬೈದರು, ಸೀಟಿಗೆ ಬೈದರು, ಹೊಗೆಗೆ ಬೈದರು. ಅವರ ಒಂದೊಂದು ಬೈಗುಳಕ್ಕೂ ಅಣ್ಣನ ಮುಖ ಅರಳುತ್ತಿತ್ತು. ಚೈನಿಗೆ ಮಾತ್ರ ಬೈಯಲು ಏನೂ ಸಿಗದೆ, “ಇದನ್ನ ಹಾಕಿಸಿದವ ಬುದ್ಧಿವಂತ ಇದ್ದ” ಎಂದರು. ನಾವು ಅದನ್ನೇ ಕೊಂಡೆವು.

ರೋಹಿಣಿ ಮಳೆ ಎರಡು ಸಲ ಬಿದ್ದು ಹೊಲ ಹಸಿಯಾದರೂ ಗಾಡಿ ನಿಲ್ಲಲಿಲ್ಲ. ಕೊರಕಲು ಮುಚ್ಚಿ, ಹಳ್ಳದ ಗುಂಟ ಒಡ್ಡು ಏರಿಸಿ, ಕೆಳಗಿನ ಮೂಲೆ ಇನ್ನೂ ಅರೆಬರೆ ಇರುವಾಗಲೇ ಮಿರಗ ಜೋರಾಗಿ ಕೂಡಿತು.

ಹಳ್ಳ ಬಂತೆಂದು ಕೇಳಿ ಮರುದಿನ ಮುಂಜಾನೆ ನಾನೂ ಕಾಕಾನೂ ಬಸ್ಸಿಗೆ ಹೋದೆವು. ರಸ್ತೆಯಿಂದ ಒಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಕಾಕಾನ ಇಸ್ತ್ರಿಯ ಧೋತರ ಮೊಣಕಾಲ ತನಕ ಕರ್ರಗಾಗಿತ್ತು. ಒಡ್ಡಿನ ಮೇಲೆ ಹತ್ತಿ ನಿಂತರೆ ಆಚೆಗೆ ಹಳ್ಳ ಕೆಂಪಾಗಿ, ದಂಡೆ ತುಂಬಿ ಓಡುತ್ತಿತ್ತು. ಕೆಳಗಿನ ಮೂಲೆಯಲ್ಲಿ ಸ್ವಲ್ಪ ಕುಸಿದಿತ್ತು, ಅಷ್ಟೇ. ಈಚೆಗೆ ನಮ್ಮ ಮಣ್ಣು ನಮ್ಮ ಹೊಲದಲ್ಲೇ ಇತ್ತು. ಅಣ್ಣ ಕುಸಿದ ಮೂಲೆಗೆ ಚೀಲ ಹೊರುತ್ತಿದ್ದವನು ಅಲ್ಲಿಂದಲೇ ಕೈ ಎತ್ತಿದ.

ವೈನಿ ಚೀಲ ತುಂಬುವುದನ್ನು ಬಿಟ್ಟು ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಕೆಸರಿನಲ್ಲೇ ಬಾಗಿ ಕಾಕಾನ ಕಾಲು ಮುಟ್ಟಿದರು.

ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. “ಏಳವ್ವಾ, ಏಳು. ನನಗ್ಯಾಕ? ಗಾಡಿ ತೋರಿಸಿದಾಕಿ ಆ ತಂಗಿ, ಒಡ್ಡು ಹಾಕಿದಾಂವ ನಿನ್ನ ಗಂಡ. ನಾ ಏನ್ ಮಾಡೀನಿ? ಒಂದಿನ ಬಾಯಿ ಮುಚಕೊಂಡು ಕೂತಿದ್ದೆ.”

“ನಾನೂ ಟೆಂಪೋದಾಗ ನಿಮ್ಮ ಮಗ್ಗಲದಾಗ ಕುಂತಿದ್ದೆನ್ರಿ ಕಾಕಾ” ಎಂದರು ವೈನಿ. “ಹಂಗ ಬಾಯಿ ಮುಚಕೊಂಡು ಕೂಡೂದಕ್ಕ ನಿಮಗ ಎಷ್ಟ ತ್ರಾಸ ಆತು ಅನ್ನೂದನ್ನ ನಾ ನೋಡೇನಿ.”

ಇಡೀ ಓಣಿಯ ಬಾಯಿ ಮುಚ್ಚಿಸಿದ ಕಾಕಾ ವಾದಕ್ಕೆಂದು ಬಾಯಿ ತೆರೆದರು. ಹಳ್ಳದ ಕಡೆ ಮುಖ ತಿರುಗಿಸಿಕೊಂಡು, ಚಾಳೀಸು ತೆಗೆದು ಕಣ್ಣು ಒರೆಸಿಕೊಂಡರು.